ಗುಜರಿ ಡ್ರಮ್ಮಿನಲ್ಲಿ ಸ್ಮೋಕರ್ ಮಾಡಿಸುವವರು ಸ್ವಲ್ಪ ನೋಡಿ

ಹಳೇ 200 ಲೀಟರ್ ಡ್ರಮ್ಮಿನಲ್ಲಿ ಮಾಂಸ ಹೊಗೆಯಾಡಿಸುವ ಸ್ಮೋಕರ್ ಮಾಡಿಸಬೇಕು ಅಂತಿದ್ದೀರಾ? ಗುಜರಿ ಅಂಗಡಿಯವರ ಬಾಯಿಮಾತು ನಂಬಿ ಡ್ರಮ್ ತರಬೇಡಿ.

ನಮಗೆ ಮಾರಿದವರು "ಅಡುಗೆ ಎಣ್ಣೆ ಡ್ರಮ್ಮು ಸಾರ್, ಸೋಪು ಹಾಕಿ ತೊಳೆದರೆ ಸಾಕು" ಅಂದರು. ಹೊರಗೆ ಹೊಸದಾಗಿ ನೀಲಿ ಬಣ್ಣ ಬಳಿದಿತ್ತು. ವೆಲ್ಡಿಂಗ್ ಶಾಪಿನ ಹುಡುಗ ಕತ್ತರಿಸುವ ಮುಂಚೆ ಮುಚ್ಚಳ ತಿರುಗಿಸಿದ, ತಕ್ಷಣ ಮುಖ ಹಿಂದಕ್ಕೆಳೆದುಕೊಂಡ. ಘಾಟು ಥಿನ್ನರ್ ವಾಸನೆ! ಬಣ್ಣ ಕೆರೆದರೆ ಅಡಿಯಲ್ಲಿ ಬೆಂಕಿ ಚಿತ್ರದ ಕೆಂಪು ಲೇಬಲ್ಲು, ಅರ್ಧ ಕಿತ್ತಿದ್ದು. ಇಂಥ ಡ್ರಮ್ ಖಾಲಿ ಅನ್ನಿಸಿದರೂ ಖಾಲಿಯಲ್ಲ. ತಳದಲ್ಲಿ ಒಂಚೂರು ಉಳಿದಿದ್ದರೂ ಅದರ ಆವಿ ಒಳಗೆಲ್ಲ ತುಂಬಿರುತ್ತದೆ. ಗ್ರೈಂಡರಿನ ಒಂದು ಕಿಡಿ ಬಿದ್ದರೆ ಡ್ರಮ್ಮೇ ಸಿಡಿಯುತ್ತದೆ. ಹುಡುಗನ ಮೂಗು ಚುರುಕಾಗಿತ್ತು, ಬಚಾವಾದ. ಅಂಗಡಿಯವರು ಮಾತ್ರ ದುಡ್ಡು ವಾಪಸ್ ಕೊಡಲಿಲ್ಲ.

ಎರಡನೇ ಡ್ರಮ್ಮಿನದು ಬೇರೆ ಕಥೆ. ಅದು ನಿಜಕ್ಕೂ ಎಣ್ಣೆಯದೇ. ಆದರೆ ಒಳಗೆಲ್ಲ ಕಂದು ಬಣ್ಣದ ಲೇಪನ. ತುಕ್ಕು ಹಿಡಿಯದಿರಲಿ ಅಂತ ಕಂಪನಿಯವರು ಹಚ್ಚುವ ಎಪಾಕ್ಸಿ (ಗಟ್ಟಿಯಾಗಿ ಅಂಟುವ ಪ್ಲಾಸ್ಟಿಕ್ ಥರದ ಲೇಪ) ಥರದ್ದು. ಬಯಲಲ್ಲಿ ಸೌದೆ ತುಂಬಿ ಜೋರಾಗಿ ಉರಿಸಿ, ತಂತಿ ಬ್ರಷ್ಷಿನಲ್ಲಿ ಬರೀ ಕಬ್ಬಿಣ ಕಾಣುವವರೆಗೆ ಉಜ್ಜಬೇಕಾಯಿತು. ಆ ಹೊಗೆ ಕುಡಿಯಬೇಡಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಸಾಧ್ಯವಾದರೆ ಲೇಪನವೇ ಇಲ್ಲದ ಡ್ರಮ್ ಹುಡುಕಿ, ಈ ಗೋಳೇ ಬೇಡ.

ಇಷ್ಟಾದ ಮೇಲೆ ವೆಲ್ಡಿಂಗ್ ಶಾಪಿನ ಮಾಲೀಕರ ಉಪಕಾರ. ಬೆಂಕಿ ಗೂಡಿಗೆ ಎಂಎಸ್ ಶೀಟ್ (ಲೇಪನವಿಲ್ಲದ ಮಾಮೂಲಿ ಉಕ್ಕಿನ ತಗಡು) ಹಾಕಿ ಅಂದಿದ್ದೆವು. ಅವರು "ತುಕ್ಕು ಹಿಡಿಯಲ್ಲ, ಬಾಳಿಕೆ ಬರುತ್ತೆ" ಅಂತ ಜಿಐ ಶೀಟ್ ಹಾಕಿಸಿದರು. ಜಿಐ ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡು, ಅದರ ಮೇಲಿರುವುದು ಸತು. ಸತು ಕುದಿಯುವುದು 907 ಡಿಗ್ರಿಗೆ, ವೆಲ್ಡಿಂಗ್ ಕಿಡಿಯ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಬಿಳಿ ಹೊಗೆ ಏಳುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಅದನ್ನೇ ಕುಡಿದು ಕೆಲಸ ಮಾಡಿದ ಹುಡುಗನಿಗೆ ರಾತ್ರಿ ಗಡಗಡ ಚಳಿ, ಜ್ವರ, ಮೈಕೈ ನೋವು. ವೆಲ್ಡರ್‌ಗಳಿಗೆ ಇದು ಗೊತ್ತಿರುವ ಜ್ವರವೇ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುತ್ತದೆ, ಅವನಿಗೂ ಇಳಿಯಿತು. ಮಾಲೀಕರು ಮಾತ್ರ "ಹವಾಮಾನ ಸರಿಯಿಲ್ಲ" ಅಂತ ಜಾರಿಕೊಂಡರು.

ಮಾಂಸ ಇಡುವ ಕಡೆ 110ರಿಂದ 120 ಡಿಗ್ರಿ ಇದ್ದರೆ ಸಾಕು ನಿಜ. ಆದರೆ ಕೆಂಡಕ್ಕೆ ತಾಗುವ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಸತು 420ರ ಹತ್ತಿರವೇ ಕರಗುತ್ತದೆ. ಆ ಗೂಡು ಕಿತ್ತು ಎಂಎಸ್ ಹಾಕಿಸಿದೆವು. ಒಳಗೆ ಅಡುಗೆ ಎಣ್ಣೆ ಸವರಿ ಕೆಲವು ಗಂಟೆ ಸುಮ್ನೆ ಉರಿಸಿದ ಮೇಲೆಯೇ ಮೊದಲ ಮಾಂಸ ಇಟ್ಟಿದ್ದು.

ಸೌದೆ ವಿಷಯ ಒಂದು ಮಾತು. ಮಾವು, ಸೀಬೆ ಒಣಕಟ್ಟಿಗೆ ಚೆನ್ನಾಗಿರುತ್ತೆ. ಪುಕ್ಕಟೆ ಸಿಗುತ್ತೆ ಅಂತ ಸರಕಿನ ಪ್ಯಾಲೆಟ್ ಒಡೆದು ಹಾಕಬೇಡಿ. ಅದರ ಮೇಲೆ 'ಎಂಬಿ' ಮುದ್ರೆ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ಹುಳ ಕೊಲ್ಲುವ ವಿಷಾನಿಲ ಹೊಡೆದಿರುತ್ತಾರೆ.