ಮಗುವಿನ ಹಲ್ಲಿಗೆ ಈಗಲೇ ಕ್ಲಿಪ್ಪಾ, ಸ್ವಲ್ಪ ಕಾಯೋಣವಾ?

8 ವರ್ಷದ ಮಗುವಿನ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದಿ ಕಂಡರೆ ಮನೆಯಲ್ಲಿ ಗಾಬರಿ ಶುರು. ಮದುವೆಮನೆ ಫೋಟೊದಲ್ಲಂತೂ ಅದೇ ಎದ್ದು ಕಾಣುತ್ತದೆ, ಅಲ್ವಾ? ಆದರೆ 11-12ರ ಹೊತ್ತಿಗೆ ಕೋರೆಹಲ್ಲು ಇಳಿಯುವಾಗ ಎಷ್ಟೋ ಮಕ್ಕಳಲ್ಲಿ ಆ ಸಂದಿ ತಾನಾಗಿ ಮುಚ್ಚುತ್ತದೆ. ಇಲ್ಲಿ ಕಾಯುವುದೇ ಸರಿ. ಸುಮ್ನೆ ದುಡ್ಡು ಯಾಕೆ?

ಬಾಯಿ ಕಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂತರೆ ಮಾತು ಬೇರೆ. ದವಡೆ ಓರೆಯಾಗಿ ಬೆಳೆಯಬಹುದು. 7-8ರಲ್ಲೇ ಆರ್ಥೊಡಾಂಟಿಸ್ಟ್‌ಗೆ (ಹಲ್ಲು-ದವಡೆ ಸಾಲು ಸರಿಮಾಡುವ ದಂತವೈದ್ಯರಿಗೆ) ತೋರಿಸಿ.

ಬರೀ ಸೊಟ್ಟ ಹಲ್ಲಾದರೆ, ಹಾಲುಹಲ್ಲೆಲ್ಲ ಬಿದ್ದ ಮೇಲೆ ಕ್ಲಿಪ್ ಹಾಕಿಸಿದರೂ ತಡವಲ್ಲ. ಹಾಕಿಸಿದರೆ ಒಂದೂವರೆ-ಎರಡು ವರ್ಷ ಚಕ್ಕುಲಿ, ಕಡಲೆಮಿಠಾಯಿ ಬಂದ್. ತಂತಿಯ ಸುತ್ತ ಅನ್ನದ ಅಗುಳು ಕೂತರೆ ಹುಳುಕು ಜಾಸ್ತಿ. ರಾತ್ರಿ ಬ್ರಷ್ ಅಂದರೆ ಓಡುವ ಮಗುವಾದರೆ ನಾನಂತೂ ಇನ್ನೊಂದು ವರ್ಷ ತಳ್ಳುತ್ತೇನೆ.