ಮಳೆಗಾಲಕ್ಕೆ ಸೈ, ನಾಟಕದ ಸೀಸನ್‌ಗೆ ಕಷ್ಟ: ಫುಡ್ ಡೆಲಿವರಿ ಆ್ಯಪ್ ಕೆಲಸದ ಅನುಭವ

ಕಾಸರಗೋಡಿನಲ್ಲಿ ನಾಟಕ ಮಾಡಿಕೊಂಡು, ತುಳು ಸಿನಿಮಾದ ಸಣ್ಣಪುಟ್ಟ ಪಾತ್ರಕ್ಕೆ ಕಾಯುವವರಿಗೆ ಮೇ ಕೊನೆ ಬಂತೆಂದರೆ ಕೈ ಖಾಲಿ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ತುಳುವರ ಆಚರಣೆಯ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ನಾಟಕ ತಂಡಗಳಿಗೂ ಮಳೆ ಶುರುವಾದ ಮೇಲೆ ಬುಕಿಂಗ್ ಕಮ್ಮಿ. ಮತ್ತೆ ಬಣ್ಣ ಹಚ್ಚುವುದು ದೀಪಾವಳಿ ಹೊತ್ತಿಗೆ. ಆ ನಡುವಿನ ತಿಂಗಳುಗಳಿಗೆಂದೇ ನಾನು ಡೆಲಿವರಿ ಆ್ಯಪ್ ಹಿಡಿದದ್ದು. ಎರಡನೇ ಮಳೆಗಾಲವೂ ಕಳೆಯಿತು, ಈಗ ಧೈರ್ಯವಾಗಿ ಬರೆಯಬಹುದು.

ಲೈಸೆನ್ಸ್, ಆರ್‌ಸಿ, ಪ್ಯಾನ್ ಕೊಟ್ಟು ಸೇರುವ ಕಥೆ ಎಲ್ಲರಿಗೂ ಗೊತ್ತಿದೆ, ಅದನ್ನು ಬಿಡುತ್ತೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಜಕ್ಕೂ ಖುಷಿಯ ಕೆಲಸ. ಮಳೆ ಜೋರಾದರೆ ಆರ್ಡರಿಗೆ ಇಷ್ಟು ಅಂತ ಜಾಸ್ತಿ ಸೇರುತ್ತದೆ. ನಮ್ಮೂರಿನ ಮಳೆ ಗೊತ್ತಲ್ಲ! ಕಾಲಿಗೆ ರಬ್ಬರ್ ಚಪ್ಪಲಿಯೇ ಸರಿ, ಶೂ ಒದ್ದೆಯಾದರೆ ವಾರವಾದರೂ ಒಣಗುವುದಿಲ್ಲ. ರಾತ್ರಿ ಮನೆಗೆ ಬಂದ ಕೂಡಲೇ ಬ್ಯಾಗಿನ ಒಳಗನ್ನು ಒಣಬಟ್ಟೆಯಲ್ಲಿ ಒರೆಸಿ, ಜಿಪ್ ಪೂರ್ತಿ ತೆರೆದು, ಜಗಲಿಯಲ್ಲಿ ಕವುಚಿ ಇಡುತ್ತೇನೆ. ಸುಮ್ನೆ ಮುಚ್ಚಿಟ್ಟರೆ ಮರುದಿನ ಬಿರಿಯಾನಿ ಮಸಾಲೆಗೆ ಮುಗ್ಗಲು ಸೇರಿ ಎಂಥ ವಾಸನೆ ಅಂತೀರಿ! ಇನ್ನೊಬ್ಬರ ಊಟ ಇಡುವ ಜಾಗ ಅದು. ಇದೊಂದರಲ್ಲಿ ನಾನು ಉದಾಸೀನ ಮಾಡುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಹೋಟೆಲ್ ಕೌಂಟರ್ ಪಕ್ಕ ಪಾರ್ಸೆಲ್‌ಗೆ ಕಾಯುವ ಹೊತ್ತು. ನಾಟಕದಲ್ಲಿ ಎದುರಿನ ಪಾತ್ರದ ಮಾತುಗಳನ್ನು ಮಾತ್ರ ಫೋನಿನಲ್ಲಿ ರೆಕಾರ್ಡ್ ಮಾಡಿ, ನನ್ನ ಮಾತಿನ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ. ಇಯರ್‌ಫೋನ್ ಹಾಕಿ, ಆ ಖಾಲಿ ಜಾಗದಲ್ಲಿ ತುಟಿಯಲ್ಲೇ ನನ್ನ ಮಾತು ಹೇಳುವುದು. ತಡವಾಗಿ ಹೇಳಿದರೆ ಮುಂದಿನ ಮಾತು ಬಂದೇಬಿಡುತ್ತದೆ, ಕಾಯುವುದಿಲ್ಲ. ಗಾಡಿ ಓಡಿಸುವಾಗ ಮಾತ್ರ ಇಯರ್‌ಫೋನ್ ಜೇಬಿನಲ್ಲಿ.

ಇನ್ನೊಂದು ಲಾಭ ಮಲಯಾಳದ್ದು. ನಾನು ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ಮಲಯಾಳ ಅರ್ಥವಾಗುತ್ತಿತ್ತು, ಬಾಯಿ ಓಡುತ್ತಿರಲಿಲ್ಲ. ಈಗ ತಳಂಗರೆಯ ಅಜ್ಜಿಯೊಬ್ಬರು ಫೋನಿನಲ್ಲಿ ಮಸೀದಿಯ ಬಲಗಡೆ, ಬಾವಿ ದಾಟಿ ಅಂತ ದಾರಿ ಹೇಳುತ್ತಿದ್ದರೆ ಅದೇ ಧಾಟಿಯಲ್ಲಿ ಉತ್ತರ ಕೊಡಬಲ್ಲೆ. ಈಚೆಗೆ ಮಲಯಾಳ ಸಿನಿಮಾದವರು ಕಾಸರಗೋಡಿನ ಆಡುಮಾತನ್ನೇ ತೆರೆಗೆ ತರುತ್ತಿದ್ದಾರೆ. ಆಡಿಷನ್‌ಗೆ ಹೋಗುವಾಗ ಮೊದಲಿನ ಅಳುಕು ನನಗೀಗ ಇಲ್ಲ.

ಕಷ್ಟ ಶುರುವಾಗುವುದು ನವೆಂಬರ್‌ನಲ್ಲಿ.

ಬೇಕಾದಾಗ ಕೆಲಸ, ಬೇಡದಾಗ ರಜೆ ಅಂತ ಹೇಳಿ ಸೇರಿಸಿಕೊಳ್ಳುತ್ತಾರೆ. ಲಾಗಿನ್ ಮಟ್ಟಿಗೆ ಅದು ನಿಜವೇ. ಆದರೆ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿರುವಾಗ ಬರೀ ಆರ್ಡರ್ ದುಡ್ಡಿನಲ್ಲಿ ಉಳಿಯುವುದೇನು? ಕೈಗೆ ಹತ್ತುವುದು ವಾರದ ಇನ್ಸೆಂಟಿವ್, ಅಂದರೆ ಆರ್ಡರ್ ದುಡ್ಡಿನ ಮೇಲೆ ಸಿಗುವ ಹೆಚ್ಚುವರಿ ಹಣ. ನನಗೆ ಬಂದ ಪ್ಲಾನ್‌ಗಳಲ್ಲೆಲ್ಲ ಅದು ಸಿಗಬೇಕಾದರೆ ಶನಿವಾರ, ಭಾನುವಾರ ರಾತ್ರಿ ಊಟದ ಹೊತ್ತಿನಲ್ಲಿ ಆನ್‌ಲೈನ್ ಇರಲೇಬೇಕು. ನಾಟಕ ಇರುವುದೂ ಅದೇ ರಾತ್ರಿಗಳಲ್ಲಿ ಅಲ್ವಾ? ಒಮ್ಮೆ ಸೋಮವಾರದಿಂದ ಶುಕ್ರವಾರದವರೆಗೆ ಬೆನ್ನು ನೋಯುವಷ್ಟು ಓಡಾಡಿದ್ದೆ. ಶನಿವಾರ ಬದಿಯಡ್ಕದ ಕಡೆ ನಾಟಕ. ಹೋದೆ. ವಾರದ ಇನ್ಸೆಂಟಿವ್ ಪೂರ್ತಿ ಹೋಯಿತು, ಅರ್ಧವೂ ಇಲ್ಲ. ಸಪೋರ್ಟ್‌ನಲ್ಲಿ ಕೇಳಿದರೆ ಎಲ್ಲರಿಗೂ ಕಳಿಸುವ ಅದೇ ಸಿದ್ಧ ಉತ್ತರ. ದುಡಿದ ಐದು ದಿನಕ್ಕೆ ಲೆಕ್ಕವೇ ಇಲ್ಲ ಅಂದರೆ ಅದು ಅನ್ಯಾಯ. ಅಷ್ಟು ದಿನದ ಪಾಲು ಕೊಟ್ಟರೂ ನಾನು ಸುಮ್ಮನಿರುತ್ತಿದ್ದೆ.

ತಂಡದ ಜತೆ ಕೆಲವು ವಾರ ತಿರುಗಾಟಕ್ಕೆ ಹೋಗಿ ಬಂದರೆ ಆ್ಯಪ್‌ಗೆ ಲಾಗಿನ್ ಆಗುವ ಐಡಿಯೇ ನಿಂತಿರುತ್ತದೆ. ಯಾಕೆ ಅಂತ ಹೇಳುವವರಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರಿಗೆಂದೇ, ಅಂದರೆ ನಮ್ಮಂತೆ ಆ್ಯಪ್ ಮೂಲಕ ದುಡಿಯುವವರಿಗೆಂದೇ ಕಾನೂನು ಬಂದಿದೆ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು ಕೊಟ್ಟು 14 ದಿನ ಮೊದಲೇ ತಿಳಿಸಬೇಕು ಅಂತ ಅದರಲ್ಲಿದೆ. ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಓಡಿಸುವ ಗೆಳೆಯರಿಗೆ ಆ ಆಧಾರವಿದೆ, ಈಚೆ ಕೇರಳದಲ್ಲಿರುವ ನಮಗಿಲ್ಲ. ಅಸಂಘಟಿತ ಕಾರ್ಮಿಕರಿಗೆಂದು ಕೇಂದ್ರ ಸರ್ಕಾರ ಮಾಡಿರುವ ಇ-ಶ್ರಮ್ ನೋಂದಣಿ ಮಾತ್ರ ಎರಡೂ ಕಡೆಯವರು ಮಾಡಿಸಬಹುದು, ಮಾಡಿಸಿಡಿ.

ಆದರೂ ಬಿಟ್ಟಿಲ್ಲ. ನನಗೆ ಮನೆ ಬಾಡಿಗೆ ಇಲ್ಲ, ಸ್ಕೂಟರ್ ಸಾಲ ತೀರಿದೆ. ಹಾಗಾಗಿ ಮಳೆಗಾಲಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ನಾಟಕದ ಸೀಸನ್‌ಗೆ ಎರಡು. ಅವಕಾಶ ಹುಡುಕಿಕೊಂಡು ಕೊಚ್ಚಿಯಲ್ಲಿ ರೂಮ್ ಮಾಡಿಕೊಂಡಿರುವ ಹುಡುಗರು ಇದೊಂದನ್ನೇ ನಂಬಿ ಕೂರಬೇಡಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ದಾರಿಯಿದೆ, ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆಯಾದ ಶಾಲಾ ಕಲೋತ್ಸವ. ಶಾಲೆಯಲ್ಲಿ ಗೆದ್ದ ಮೇಲೆ ಉಪಜಿಲ್ಲೆ, ಜಿಲ್ಲೆ, ರಾಜ್ಯ ಅಂತ ಇನ್ನೂ ಮೂರು ಹಂತದ ಸ್ಪರ್ಧೆ. ನಾಟಕ, ಮೋನೋ ಆ್ಯಕ್ಟ್, ಯಕ್ಷಗಾನ ಎಲ್ಲವೂ ಇವೆ. ಓಣಂ ರಜೆ ಕಳೆದರೆ ಶಾಲೆಗಳು, ಪಿಟಿಎಯವರು (ಶಿಕ್ಷಕ-ರಕ್ಷಕ ಸಂಘದವರು) ಕಲಿಸುವವರನ್ನು ಹುಡುಕುತ್ತಾರೆ. ಕ್ಲಾಸ್ ಬಿಟ್ಟ ಮೇಲೆ ಒಂದೆರಡು ಗಂಟೆಯ ಕೆಲಸ, ಅದೂ ನಮ್ಮದೇ ವಿದ್ಯೆ. ನಾನೀಗ ಅಕ್ಟೋಬರ್‌ನಿಂದ ಸಂಜೆ ಮಕ್ಕಳಿಗೆ ಕಲಿಸಿ, ಸೋಮವಾರದಿಂದ ಗುರುವಾರ ರಾತ್ರಿ ಮಾತ್ರ ಆ್ಯಪ್ ತೆರೆಯುತ್ತೇನೆ. ಇನ್ಸೆಂಟಿವ್ ಲೆಕ್ಕ ನೋಡುವುದನ್ನೇ ಬಿಟ್ಟಿದ್ದೇನೆ. ನೀವೂ ಹೀಗೆ ಮಾಡುವುದಾದರೆ, ಶೂಟಿಂಗ್‌ಗೋ ತಿರುಗಾಟಕ್ಕೋ ಹೊರಡುವ ಮುಂಚೆ ಗಿರಾಕಿಗಳಿಂದ ಪಡೆದು ಕೈಯಲ್ಲಿರುವ ಕ್ಯಾಶನ್ನು ಕಂಪನಿಗೆ ಕಟ್ಟಿಬಿಡಿ. ಬಾಕಿ ಉಳಿದರೆ ಐಡಿ ಮತ್ತೆ ತೆರೆಸಲು ಅದೂ ಒಂದು ತಕರಾರು.