ಕೋಡಿಬಾಗದ ಹಳೆಯ ಮನೆಗೆ ಹೊಸ ವೈರಿಂಗ್: ಕೆಲಸ ಹೇಗಾಯಿತು?

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಳೆಯ ಮನೆಯ ವೈರಿಂಗನ್ನು ಮಳೆಗಾಲಕ್ಕೆ ಮುಂಚೆ ಬದಲಾಯಿಸಿದೆವು. ಸ್ವಿಚ್ ಆರಿಸಿಯೇ ಬಲ್ಬ್ ಬದಲಿಸುತ್ತಿದ್ದ ಅಪ್ಪನಿಗೆ ಶಾಕ್ ಹೊಡೆದದ್ದು ಇದಕ್ಕೆ ಕಾರಣ. ಕೆಲಸ ವಹಿಸಿಕೊಂಡವರು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಊರಿನ ಗುತ್ತಿಗೆದಾರರು.

ಅವರು ಮೊದಲು ಅಪ್ಪನಿಗೆ ಶಾಕ್ ಹೊಡೆದ ಕೋಣೆಯ ಸ್ವಿಚ್ ಆರಿಸಿ ಹೋಲ್ಡರಿಗೆ ಟೆಸ್ಟರ್ ಹಿಡಿದರು, ಟೆಸ್ಟರ್ ಉರಿಯಿತು. ಹಿಂದೆ ಯಾರೋ ಸ್ವಿಚ್ಚನ್ನು ಫೇಸಿಗೆ (ಕರೆಂಟು ಬರುವ ವೈರು) ಹಾಕುವ ಬದಲು ನ್ಯೂಟ್ರಲ್‌ಗೆ (ಕರೆಂಟು ಮರಳುವ ವೈರು) ಹಾಕಿದ್ದರು. ಹೀಗೆ ಮಾಡಿದರೆ ದೀಪವೇನೋ ಆರುತ್ತದೆ, ಆದರೆ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಗೆ (ನೆಲಕ್ಕಿಳಿಯುವ ವೈರು) ಹಸಿರು ಎಂಬ ಕ್ರಮವನ್ನೂ ಹಳೆಯ ಕೆಲಸದಲ್ಲಿ ಪಾಲಿಸಿರಲಿಲ್ಲ. ಉಪ್ಪುಗಾಳಿಗೆ ಸ್ಕ್ರೂಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು.

ಗೀಜರ್ ದೀಪದ ಲೈನಿನಲ್ಲೇ ಇತ್ತು, ಅದಕ್ಕೆ ಕಾವಲಾಗಿದ್ದದ್ದು 32 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್). ಎಂಸಿಬಿ ಇರುವುದು ವೈರನ್ನು ಕಾಯಲು. ವೈರಿನ ಶಕ್ತಿಗಿಂತ ದೊಡ್ಡ ಎಂಸಿಬಿ ಹಾಕಿದರೆ ಅದು ಬೀಳುವ ಮೊದಲೇ ವೈರು ಸುಡಬಹುದು. ಈಗ ಗೀಜರಿಗೆ 2.5 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ಲೈನು ಮತ್ತು 16 ಆಂಪಿಯರ್ ಎಂಸಿಬಿ ಇದೆ. ದೀಪ, ಫ್ಯಾನುಗಳ ಒಂದು ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಎಂಬ, ವೈರಿಂಗಿನ ಭಾರತೀಯ ಮಾನದಂಡವಾದ ಐಎಸ್ 732ರ ಮಿತಿಯನ್ನು ಅವರು ಮೀರಲಿಲ್ಲ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್) ಹಾಕಿದ ದಿನ. ಜಗಲಿಯ ದೀಪ ಹಾಕಿದೊಡನೆ ಅದು ಬೀಳುತ್ತಿತ್ತು. ಅದನ್ನೇ ತೆಗೆದುಬಿಡೋಣ ಎಂದು ಹುಡುಗರು ಹೇಳಿದರೂ ಗುತ್ತಿಗೆದಾರರು ಒಪ್ಪದೆ ಜಗಲಿಯ ಹಳೆಯ ಬೋರ್ಡು ಬಿಚ್ಚಿದರು. ನ್ಯೂಟ್ರಲ್ ಎಳೆಯುವ ಕಷ್ಟ ತಪ್ಪಿಸಲು ಯಾರೋ ದೀಪವನ್ನು ಅರ್ಥ್ ವೈರಿಗೇ ಸೇರಿಸಿದ್ದರು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಮರಳದ ಕಾರಣ ಆರ್‌ಸಿಸಿಬಿ ತನ್ನ ಕೆಲಸವನ್ನೇ ಮಾಡಿತ್ತು. ಆ ಸಂಜೆಯೇ ಜಗಲಿಗೆ ಹೊಸ ನ್ಯೂಟ್ರಲ್ ಎಳೆದುಕೊಟ್ಟರು.

ಎರಡು ವಿಷಯಗಳಲ್ಲಿ ಬೇಸರವಾಯಿತು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುವುದು ತಿಳಿದಿದ್ದರೂ, ನಾವು ಕೇಳುವ ತನಕ ಅರ್ಥ್ ಗುಂಡಿಯ ರೋಧವನ್ನು ಅಳೆದು ನೋಡಲಿಲ್ಲ. ಯಾವ ಎಂಸಿಬಿ ಯಾವ ಕೋಣೆಯದು ಎಂಬ ಪಟ್ಟಿಯನ್ನೂ ಎರಡು ಸಲ ನೆನಪಿಸಿದ ಮೇಲೆಯೇ ಬರೆದುಕೊಟ್ಟರು. ಅದನ್ನು ಈಗ ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ.